ಎಳೆಯ ಪೈನ್ ಯಾವುದು? ಹೆಸರಿಗಿಂತ ಮೊದಲು ವಯಸ್ಸು ನೋಡಿ

ದೊಡ್ಡ ಪೈನ್ ಮರದ ಹೆಸರು ಹೇಳುವುದು ಅಷ್ಟೇನೂ ಕಷ್ಟವಲ್ಲ. ತೊಗಟೆ ಕಣ್ಣೆದುರಿಗೇ ಇರುತ್ತದೆ. ಬುಡದಲ್ಲಿ ಕಾಯಿಗಳು ಬಿದ್ದಿರುತ್ತವೆ. ಒಂದು ಕಟ್ಟು ಸೂಜಿ ಎತ್ತಿಕೊಂಡು ಎಣಿಸಿದರೆ ಮುಗಿಯಿತು. ತಲೆ ಕೆಡುವುದು ಮೊಣಕಾಲೆತ್ತರದ ಸಸಿಯ ಮುಂದೆ ಕೂತಾಗ. ಅದಕ್ಕೆ ಕಾಯಿ ಇಲ್ಲ, ಹೇಳಿಕೊಳ್ಳುವಂಥ ತೊಗಟೆಯೂ ಇಲ್ಲ. ಪುಸ್ತಕದಲ್ಲಿ ‘ಮೂರು ಸೂಜಿಯ ಕಟ್ಟು’ ಅಂತ ಬರೆದಿರುತ್ತಾರೆ, ಸಸಿಯಲ್ಲಿ ಕಟ್ಟೇ ಕಾಣಿಸುವುದಿಲ್ಲ. ಬಣ್ಣ ನೋಡಿ ಹೇಳೋಣ ಅಂದರೆ ಅದೂ ಕೈಕೊಡುತ್ತದೆ.

ಪೈನ್ ತನ್ನ ಮೊದಲ ಕೆಲವು ವರ್ಷಗಳಲ್ಲಿ ಒಂದರ ನಂತರ ಒಂದು ಮೂರು ಥರದ ಎಲೆ ಬಿಡುತ್ತದೆ. ಮೊದಲು ಬೀಜದೆಲೆ, ಆಮೇಲೆ ಒಂಟಿ ಸೂಜಿ, ಕೊನೆಗೆ ಒಂದೇ ಬುಡದಿಂದ ಎರಡರಿಂದ ಐದು ಒಟ್ಟಿಗೆ ಹೊರಡುವ ಕಟ್ಟು ಸೂಜಿ. ಪುಸ್ತಕಗಳು ವಿವರಿಸುವುದು ಹೆಚ್ಚಾಗಿ ಮೂರನೆಯದನ್ನು ಮಾತ್ರ. ಹಾಗಾಗಿ ‘ಇದು ಯಾವ ಪೈನ್’ ಅಂತ ಕೇಳುವ ಮೊದಲು ‘ಇದು ಯಾವ ಹಂತದಲ್ಲಿದೆ’ ಅಂತ ಕೇಳಿಕೊಳ್ಳಬೇಕು. ಹಂತ ಗೊತ್ತಾದರೆ ಯಾವ ಗುರುತನ್ನು ನಂಬಬೇಕು, ಯಾವುದನ್ನು ಬಿಟ್ಟುಬಿಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಇಲ್ಲಿ ಹೋಲಿಸಿರುವುದು ನಮ್ಮ ದೇಶದಲ್ಲಿ ಸುತ್ತಾಡುವವರ ಕಣ್ಣಿಗೆ ಬೀಳುವ ಪೈನ್‌ಗಳನ್ನು: ಹಿಮಾಲಯದ ಚೀಡ್, ಕೈಲ್ ಮತ್ತು ಚಿಲ್ಗೋಜಾ, ಮೇಘಾಲಯದ ಖಾಸಿ ಪೈನ್, ಜೊತೆಗೆ ನೀಲಗಿರಿಯಲ್ಲಿ ನೆಟ್ಟು ಬೆಳೆಸಿದ ಪಟುಲಾ. ಕರ್ನಾಟಕದ ಕಾಡಿನಲ್ಲಿ ಯಾವ ಪೈನೂ ತಾನಾಗಿ ಬೆಳೆಯುವುದಿಲ್ಲ. ಪಶ್ಚಿಮ ಘಟ್ಟದ ಸ್ವಂತ ಕೋನಿಫರ್ (ಪೈನ್, ದೇವದಾರುಗಳೆಲ್ಲ ಸೇರುವ ಮರಗಳ ಗುಂಪು) ಅಂತ ಇರುವುದು ನಾಗೇಯಾ ವಾಲಿಚಿಯಾನಾ ಒಂದೇ. ಅದರ ಎಲೆ ಅಗಲ, ಸೂಜಿಯ ಸುಳಿವೂ ಇಲ್ಲ. ನಮ್ಮ ಕಡೆ ಪೈನ್ ಕಂಡರೆ ಯಾರೋ ನೆಟ್ಟಿದ್ದು, ಇಲ್ಲವೇ ನೆಟ್ಟ ಮರದ ಬೀಜ ಹಾರಿ ಬಂದು ಹುಟ್ಟಿದ್ದು.

ಅದು ಪೈನ್ ಹೌದಾ?

ಸೂಜಿ ಥರ ಎಲೆ ಇರುವುದೆಲ್ಲ ಪೈನ್ ಅಲ್ಲ. ಇದನ್ನು ಮೊದಲು ಬಗೆಹರಿಸಿಕೊಂಡರೆ ಅರ್ಧ ಕೆಲಸ ಆದಂತೆ.

ನಮ್ಮ ಊರುಗಳಲ್ಲಿ ಮೊದಲ ಗೊಂದಲ ಸರ್ವೆ ಮರದ್ದು, ಅಂದರೆ ಗಾಳಿಮರ. ಅದರ ‘ಸೂಜಿ’ಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆಯಿರಿ. ಗಂಟು ಗಂಟಾಗಿ ಬಿಚ್ಚಿಕೊಳ್ಳುತ್ತದೆ. ನಿಜಕ್ಕೂ ಅದು ತೆಳು ಕೊಂಬೆ. ಪ್ರತಿ ಗಂಟಿನಲ್ಲೂ ಕಾಣುವ ಚಿಕ್ಕ ಹಲ್ಲುಗಳೇ ಅದರ ಎಲೆ. ಪೈನ್ ಸೂಜಿ ಹೀಗೆ ಕಳಚಿಕೊಳ್ಳುವುದಿಲ್ಲ, ಹರಿಯುತ್ತದೆ.

ಎರಡನೆಯದು ನರ್ಸರಿಗಳ ‘ಕ್ರಿಸ್‌ಮಸ್ ಟ್ರೀ’. ಬೆಂಗಳೂರಿನ ಯಾವುದೇ ನರ್ಸರಿಯಲ್ಲಿ ಡಿಸೆಂಬರ್‌ನಲ್ಲಿ ಈ ಹೆಸರು ಹೇಳಿ ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಅರೌಕೇರಿಯಾ. ಕೊಂಬೆಗಳು ಮಟ್ಟ ಮಟ್ಟವಾಗಿ, ಅಂತಸ್ತು ಅಂತಸ್ತಾಗಿ ಹೊರಟಿರುತ್ತವೆ. ಎಲೆ ಹೆಚ್ಚೆಂದರೆ ಒಂದು ಸೆಂ.ಮೀ. ಆಸುಪಾಸು, ಒಳಕ್ಕೆ ಬಾಗಿರುತ್ತದೆ, ಕೊಂಬೆಯ ಸುತ್ತಲೂ ಒತ್ತೊತ್ತಾಗಿ ಅಂಟಿಕೊಂಡಿರುತ್ತದೆ. ಲಾಲ್‌ಬಾಗ್‌ನಲ್ಲಿ ತಲೆಯೆತ್ತಿ ನೋಡಬೇಕಾದ ಎತ್ತರದ ಅರೌಕೇರಿಯಾಗಳೂ ಇದೇ ಕುಲದವು. ಇದರ ಮೂಲ ದಕ್ಷಿಣ ಗೋಳಾರ್ಧ. ಪೈನ್‌ಗೂ ಇದಕ್ಕೂ ದೂರದ ನಂಟು ಮಾತ್ರ.

ಹಿಮಾಲಯದಲ್ಲಿ ಗೊಂದಲ ಮಾಡುವವು ಮೂರು: ದೇವದಾರು, ರೈ ಅನ್ನುವ ಸ್ಪ್ರೂಸ್, ತೋಷ್ ಅನ್ನುವ ಫರ್. ಕೊನೆಯ ಎರಡನ್ನು ಬೆರಳಲ್ಲೇ ಬೇರೆ ಮಾಡಬಹುದು. ಒಂದು ಸೂಜಿ ಕಿತ್ತು ಹೆಬ್ಬೆರಳು, ತೋರುಬೆರಳ ನಡುವೆ ಹೊರಳಿಸಿ. ಸ್ಪ್ರೂಸ್ ಸೂಜಿಗೆ ನಾಲ್ಕು ಮೂಲೆ, ಸಲೀಸಾಗಿ ಉರುಳುತ್ತದೆ. ಫರ್ ಸೂಜಿ ಚಪ್ಪಟೆ, ಉರುಳುವುದಿಲ್ಲ. ತಿರುಗಿಸಿ ನೋಡಿದರೆ ಅಡಿಯಲ್ಲಿ ಎರಡು ಬಿಳಿ ಗೆರೆ. ಎರಡರಲ್ಲೂ ಸೂಜಿಗಳು ಎಷ್ಟೇ ವಯಸ್ಸಾದರೂ ಒಂಟಿ ಒಂಟಿಯಾಗಿಯೇ ಇರುತ್ತವೆ.

ದೇವದಾರು ಸ್ವಲ್ಪ ತಂತ್ರಗಾರ. ಎಳೆಯ ಕೊಂಬೆಯಲ್ಲಿ ಅದರ ಸೂಜಿಯೂ ಒಂಟಿ, ಎಳೆ ಪೈನ್‌ನ ಸೂಜಿಯೂ ಒಂಟಿ. ಇಲ್ಲಿ ಸಸಿಯ ತುದಿ ನೋಡಿ. ದೇವದಾರುವಿನ ತುದಿ ಚಿಗುರು ಸೊಪ್ಪಗೆ ಬಾಗಿರುತ್ತದೆ. ಪೈನ್ ತುದಿ ನೆಟ್ಟಗೆ ಆಕಾಶ ನೋಡುತ್ತದೆ. ಆಮೇಲೆ ಕಳೆದ ವರ್ಷದ ಕೊಂಬೆಯ ಭಾಗಕ್ಕೆ ಬನ್ನಿ. ದೇವದಾರು ಆದರೆ ಅಲ್ಲಿ ಗಿಡ್ಡ ಕವಲುಗಳ ಮೇಲೆ 20-30 ಸೂಜಿಗಳ ಗುಚ್ಛಗಳು ಕಾಣುತ್ತವೆ. ಪೈನ್‌ನಲ್ಲಿ ಒಂದು ಕಟ್ಟಿಗೆ ಎರಡರಿಂದ ಐದು, ಅಷ್ಟೇ.

ಇನ್ನೊಂದು ಸುಳಿವು ನೆರಳು. ಪೈನ್ ಸಸಿಗೆ ಬಿಸಿಲು ಬೇಕೇ ಬೇಕು. ದಟ್ಟ ಕಾಡಿನ ಕತ್ತಲಲ್ಲಿ ಸೂಜಿ ಎಲೆಯ ಸಸಿಗಳು ಆರಾಮಾಗಿ ನಿಂತಿದ್ದರೆ ಅವು ಫರ್, ಸ್ಪ್ರೂಸ್ ಅಥವಾ ದೇವದಾರು ಆಗಿರುವ ಸಾಧ್ಯತೆಯೇ ಜಾಸ್ತಿ. ರಸ್ತೆಗಾಗಿ ಕಡಿದ ದಂಡೆ, ಕುಸಿದ ಗುಡ್ಡ, ಪಾಳು ಬಿದ್ದ ಹೊಲ, ಇಂಥ ಕಡೆ ನುಗ್ಗಿ ಬಂದಿರುವುದು ಪೈನ್.

ಸಸಿಗೆ ಎಷ್ಟು ವಯಸ್ಸು?

ಬೀಜ ಮೊಳೆತಾಗ ಮೊದಲು ಬೇರು ಕೆಳಗಿಳಿಯುತ್ತದೆ. ಆಮೇಲೆ ಕಾಂಡ ಬಿಲ್ಲಿನಂತೆ ಬಾಗಿ ಮಣ್ಣಿನಿಂದ ಮೇಲೆದ್ದು ನೆಟ್ಟಗಾಗುತ್ತದೆ. ಬೀಜದ ಸಿಪ್ಪೆ ತಲೆಯ ಮೇಲೇ ಉಳಿದಿರುತ್ತದೆ. ಹಕ್ಕಿಗಳು ಈ ಸಿಪ್ಪೆಯ ಆಸೆಗೆ ಕುಕ್ಕಿ ಇಡೀ ಮೊಳಕೆಯನ್ನೇ ಕತ್ತರಿಸಿ ಹಾಕುವುದುಂಟು. ಸಿಪ್ಪೆ ಉದುರಿದ ಮೇಲೆ ಬೀಜದೆಲೆಗಳು ಬಿಚ್ಚಿಕೊಳ್ಳುತ್ತವೆ. ನಮ್ಮ ಅವರೆ, ಹುರುಳಿಗೆ ಬೀಜದೆಲೆ ಎರಡೇ ಅಲ್ವಾ? ಪೈನ್‌ಗೆ ಹಲವು. ಒಂದೇ ಜಾಗದಿಂದ ಸುತ್ತಲೂ ಚಾಚಿಕೊಂಡಿರುತ್ತವೆ, ತಿರುಗಿಸಿ ಹಿಡಿದ ಛತ್ರಿಯ ಕಡ್ಡಿಗಳಂತೆ. ನಮ್ಮ ಹಿಮಾಲಯದ ಪೈನ್‌ಗಳಲ್ಲಿ ಹತ್ತರ ಆಸುಪಾಸು ಇರುವುದು ಸಾಮಾನ್ಯ.

ಇದನ್ನು ಎಣಿಸಿ ಜಾತಿ ಹೇಳಲು ಹೋಗಬೇಡಿ. ಒಂದೇ ಮರದ ಬೀಜಗಳಲ್ಲೂ ಸಂಖ್ಯೆ ಹೆಚ್ಚುಕಮ್ಮಿ ಆಗುತ್ತದೆ. ಚೀಡ್, ಕೈಲ್ ಎರಡರ ಲೆಕ್ಕವೂ ಒಂದರ ಮೇಲೊಂದು ಬೀಳುತ್ತದೆ. ಈ ಹಂತದಲ್ಲಿ ಸಸಿಗಿಂತ ತಿಂಗಳು, ಎತ್ತರ ಮತ್ತು ತಲೆಯ ಮೇಲಿರುವ ದೊಡ್ಡ ಮರ ಹೆಚ್ಚು ಮಾತಾಡುತ್ತವೆ. ಚೀಡ್ ಬೀಜ ಬೇಸಿಗೆಯಲ್ಲಿ, ಏಪ್ರಿಲ್-ಮೇ ಹೊತ್ತಿಗೆ ಉದುರಿ ಮುಂಗಾರು ಬಿದ್ದಾಗ ಮೊಳೆಯುತ್ತದೆ. ಕೈಲ್ ಬೀಜ ಶರತ್ಕಾಲದಲ್ಲೇ ಉದುರುತ್ತದೆ. ಹಿಮದಡಿ ಚಳಿಗಾಲ ಕಳೆದು, ಹಿಮ ಕರಗಿದ ಮೇಲೆ ಮೊಳೆಯುತ್ತದೆ. ಅಂದರೆ ಜುಲೈ ಕೊನೆಯಲ್ಲಿ ಉತ್ತರಾಖಂಡದ ಕುಮಾವೂನಿನ ತಗ್ಗು ಬೆಟ್ಟದಲ್ಲಿ ಸಿಪ್ಪೆ ಹೊತ್ತು ನಿಂತ ಹೊಸ ಮೊಳಕೆ ಕಂಡರೆ ಅದು ಚೀಡ್ ಅಂತ ಧೈರ್ಯವಾಗಿ ಹೇಳಬಹುದು.

ಬೀಜದೆಲೆಗಳ ನಡುವಿನಿಂದ ಮೇಲೆದ್ದ ಕಾಂಡದಲ್ಲಿ ಎರಡನೇ ಹಂತ ಶುರು. ಇಲ್ಲಿ ಸೂಜಿಗಳು ಒಂಟಿ, ಕಾಂಡದ ಸುತ್ತ ಸುರುಳಿಯಾಗಿ ಜೋಡಿಸಿಕೊಂಡಿರುತ್ತವೆ. ಚಿಕ್ಕವು, ಚಪ್ಪಟೆ, ಮೆತ್ತಗೆ. ಮೇಲೆ ಬೂದಿ ಬಳಿದ ಹಾಗೆ ನೀಲಿ ಬಣ್ಣದ ಮಬ್ಬು. ಬೆರಳಿಂದ ತಿಕ್ಕಿದರೆ ಮಬ್ಬು ಅಳಿಸಿ ಒಳಗಿನ ಹಸಿರು ಕಾಣುತ್ತದೆ. ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ತುದಿಯಿಂದ ಬುಡದ ಕಡೆ ಬೆರಳು ಎಳೆದರೆ ತರಿತರಿ ಅನಿಸುತ್ತದೆ. ಬೀಜದೆಲೆಯೋ ಒಂಟಿ ಸೂಜಿಯೋ ಅನ್ನುವ ಅನುಮಾನ ಬಂದರೂ ಇದೇ ಪರೀಕ್ಷೆ ಸಾಕು. ಬೀಜದೆಲೆಯ ಅಂಚು ಸಾಮಾನ್ಯವಾಗಿ ನುಣುಪು.

ಈ ಹಂತದ ಸಸಿಯನ್ನು ನೋಡಿ ‘ಇದು ಪೈನೇ ಅಲ್ಲ’ ಅಂದುಕೊಂಡು ಮುಂದೆ ಹೋಗುವವರೇ ಹೆಚ್ಚು.

ಮೂರನೇ ಹಂತ ಬೆರಕೆ. ಒಂಟಿ ಸೂಜಿಯ ಕಂಕುಳಲ್ಲಿ ಗಿಡ್ಡ ಮೊಗ್ಗು ಮೂಡಿ, ಅದರಿಂದ ಮೊದಲ ಕಟ್ಟು ಹೊರಬರುತ್ತದೆ. ಒಂದೇ ಸಸಿಯಲ್ಲಿ ಕೆಳಗೆ ನೀಲಿ ಮಬ್ಬಿನ ಒಂಟಿ ಸೂಜಿ, ಮೇಲೆ ಉದ್ದನೆಯ ಹಸಿರು ಕಟ್ಟು. ನಿಧಾನಕ್ಕೆ ಒಂಟಿ ಸೂಜಿಗಳು ಗಿಡ್ಡವಾಗುತ್ತಾ ಹೋಗಿ ಕೊನೆಗೆ ಕಂದು ಬಣ್ಣದ ಒಣ ಹೊಟ್ಟಾಗಿ ಉಳಿಯುತ್ತವೆ. ದೊಡ್ಡ ಮರದ ಎಳೆ ಕೊಂಬೆಯಲ್ಲಿ ಪ್ರತಿ ಕಟ್ಟಿನ ಬುಡದಲ್ಲೂ ಆ ಹೊಟ್ಟು ಇರುತ್ತದೆ. ಎಣಿಕೆ ಶುರು ಮಾಡಬೇಕಾದದ್ದು ಈ ಹಂತದಿಂದ. ಮೊದಲ ಒಂದೆರಡು ಕಟ್ಟಿನಲ್ಲಿ ಲೆಕ್ಕ ತಪ್ಪಾಗಿರಬಹುದು, ಸುಮ್ನೆ ಒಂದನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಹತ್ತಾರು ಕಟ್ಟು ನೋಡಿ, ಅದೂ ಮೇಲಿನ ಹೊಸ ಭಾಗದಲ್ಲಿ.

ಎಣಿಸುವುದಕ್ಕೊಂದು ಉಪಾಯವಿದೆ. ಒಂದು ಕಟ್ಟಿನ ಸೂಜಿಗಳನ್ನೆಲ್ಲ ಒತ್ತಿ ಸೇರಿಸಿದರೆ ಸಂದೇ ಇಲ್ಲದ ಒಂದು ಗುಂಡನೆ ಕಡ್ಡಿ ಆಗಬೇಕು. ಮೂರಿದ್ದರೆ ಒಂದೊಂದು ಸೂಜಿಯೂ ಆ ಕಡ್ಡಿಯ ಮೂರನೇ ಒಂದು ಪಾಲು. ಐದಿದ್ದರೆ ಐದನೇ ಒಂದು ಪಾಲು, ತೆಳು ತ್ರಿಕೋನ. ಎರಡಿದ್ದರೆ ಅರ್ಧ ವೃತ್ತ. ಸೇರಿಸಿದಾಗ ಒಂದು ಕಡೆ ಸಂದು ಉಳಿದರೆ ಒಂದು ಸೂಜಿ ಉದುರಿಹೋಗಿದೆ ಅಂತ ಅರ್ಥ. ಎಳೆ ಸಸಿಯಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ, ಯಾಕೆಂದರೆ ದನ, ಹುಳು, ಕಾಲ್ತುಳಿತ ಎಲ್ಲಕ್ಕೂ ಮೊದಲು ಸಿಗುವುದೇ ಅದು.

ನಾಲ್ಕನೇ ಹಂತಕ್ಕೆ ಬಂದ ಗಿಡದಲ್ಲಿ ತುದಿಮೊಗ್ಗು ಚೆನ್ನಾಗಿ ಕೂಡಿಕೊಂಡಿರುತ್ತದೆ. ವಸಂತದಲ್ಲಿ ಅದು ಉದ್ದಕ್ಕೆ ಏಳುತ್ತದೆ, ಸೂಜಿಗಳು ಇನ್ನೂ ಬಿಚ್ಚಿರುವುದಿಲ್ಲ. ತೋಟಗಾರರು ಇದನ್ನೇ ಕ್ಯಾಂಡಲ್ ಅನ್ನುವುದು. ಕ್ಯಾಂಡಲ್ ಬುಡದಲ್ಲಿ ಸುತ್ತಲೂ ಒಂದು ವರಸೆ ಕೊಂಬೆ ಹೊರಡುತ್ತದೆ. ಕೈಲ್ ಸಾಮಾನ್ಯವಾಗಿ ವರ್ಷಕ್ಕೆ ಒಂದೇ ವರಸೆ ಬಿಡುವುದರಿಂದ ವರಸೆ ಎಣಿಸಿ, ಮೊದಲ ಎರಡು-ಮೂರು ವರ್ಷ ಸೇರಿಸಿಕೊಂಡರೆ ಗಿಡದ ವಯಸ್ಸು ಅಂದಾಜಾಗುತ್ತದೆ. ಖಾಸಿ ಪೈನ್, ಪಟುಲಾಗಳಲ್ಲಿ ಈ ಲೆಕ್ಕ ನಡೆಯುವುದಿಲ್ಲ, ಅವು ಒಂದೇ ವರ್ಷದಲ್ಲಿ ಹಲವು ವರಸೆ ಬಿಡುತ್ತವೆ. ಚೀಡ್‌ನಲ್ಲಿ ಲೆಕ್ಕ ಕೆಡುವುದಕ್ಕೆ ಬೇರೆಯೇ ಕಾರಣ ಇದೆ. ಅದು ಬೆಂಕಿ.

ಚೀಡ್ ಮತ್ತು ಕೈಲ್

ಹಿಮಾಚಲ, ಉತ್ತರಾಖಂಡದಲ್ಲಿ ನಡೆದಾಡುವವರಿಗೆ ಎದುರಾಗುವ ನಿಜವಾದ ಪ್ರಶ್ನೆ ಇದೊಂದೇ. ಚೀಡ್, ಅಂದರೆ ಪೈನಸ್ ರಾಕ್ಸ್‌ಬರ್ಗಿ. ಹಿಮಾಚಲದ ಕಡೆ ಚೀಲ್ ಅಂತಲೂ ಕರೆಯುತ್ತಾರೆ. ಕೈಲ್ ಅಂದರೆ ಪೈನಸ್ ವಾಲಿಚಿಯಾನಾ, ಇಂಗ್ಲಿಷಿನವರ ಬ್ಲೂ ಪೈನ್. ದೊಡ್ಡ ಮರಗಳಲ್ಲಿ ಇವೆರಡೂ ಕಣ್ಣುಮುಚ್ಚಿ ಹೇಳುವಷ್ಟು ಬೇರೆ. ಚೀಡ್‌ಗೆ ಮೂರು ಸೂಜಿಯ ಕಟ್ಟು, ಉದ್ದ 20-30 ಸೆಂ.ಮೀ., ತಿಳಿ ಹಸಿರು. ಕೈಲ್‌ಗೆ ಐದು ಸೂಜಿಯ ಕಟ್ಟು, 12-20 ಸೆಂ.ಮೀ., ತೆಳು, ನೀಲಿ ಹಸಿರು, ಜೋತುಬಿದ್ದಿರುತ್ತದೆ. ಚೀಡ್ ಕಾಯಿ ಗಟ್ಟಿ, ಮೊಟ್ಟೆಯಾಕಾರ. ಕೈಲ್ ಕಾಯಿ ಉದ್ದ, ತೊಟ್ಟಿನಿಂದ ನೇತಾಡುತ್ತದೆ.

ಸಸಿಯಲ್ಲಿ ಮಾತ್ರ ಬಣ್ಣ ತಲೆಕೆಳಗು. ಚೀಡ್ ತನ್ನ ಒಂಟಿ ಸೂಜಿಯ ವೇಷವನ್ನು ಬೇಗ ಕಳಚುವುದಿಲ್ಲ, ಕೆಲವು ವರ್ಷ ಹಾಗೇ ಇರುತ್ತದೆ. ಆ ಸೂಜಿಗಳು ಬೆಳ್ಳಿ ನೀಲಿ. ಹೀಗಾಗಿ ಬೆಟ್ಟದ ಮೇಲೆ ಎಲ್ಲಕ್ಕಿಂತ ನೀಲಿಯಾಗಿ ಕಾಣುವ ಸಸಿ ಹಲವು ಸಲ ಬ್ಲೂ ಪೈನ್ ಅಲ್ಲವೇ ಅಲ್ಲ, ಚೀಡ್! ಬಣ್ಣವನ್ನು ನಂಬಿ ಹೆಸರಿಟ್ಟರೆ ಮೋಸ ಹೋಗುವುದು ಇಲ್ಲೇ. ದೊಡ್ಡ ಚೀಡ್ ಮರದ ಕಾಂಡಕ್ಕೆ ಪೆಟ್ಟಾದರೆ, ಬೆಂಕಿ ತಗಲಿದರೆ ಅಲ್ಲಿಂದಲೂ ಇದೇ ನೀಲಿ ಒಂಟಿ ಸೂಜಿಯ ಚಿಗುರು ಹೊರಡುತ್ತದೆ. ಮರದ ಮೇಲೆ ಬೇರೆ ಯಾವುದೋ ಗಿಡ ಹುಟ್ಟಿದೆ ಅನ್ನಿಸುವಷ್ಟು ಅದು ಬೇರೆಯಾಗಿ ಕಾಣುತ್ತದೆ.

ಹಾಗಾದರೆ ಯಾವುದನ್ನು ನಂಬುವುದು? ಒಂದೇ ಒಂದು ಕಟ್ಟು ಹುಟ್ಟಿದ್ದರೂ ಸಾಕು, ಅದರ ಬುಡ ನೋಡಿ. ಕಟ್ಟಿನ ಬುಡವನ್ನು ಸುತ್ತಿಕೊಂಡ ತೆಳು ಪೊರೆ ಇರುತ್ತದೆ, ಅದನ್ನು ಒರೆ ಅನ್ನೋಣ. ಚೀಡ್‌ನಲ್ಲಿ ಈ ಒರೆ ಉದುರುವುದೇ ಇಲ್ಲ. ಸೂಜಿ ಒಣಗಿ ಕೆಳಗೆ ಬಿದ್ದರೂ ಮೂರೂ ಸೂಜಿಗಳು ಒರೆಯಲ್ಲೇ ಹಿಡಿದುಕೊಂಡಿರುತ್ತವೆ. ಉತ್ತರಾಖಂಡದ ಕಾಡಿನ ನೆಲದಲ್ಲಿ ದಪ್ಪಗೆ ಹಾಸಿಕೊಂಡು ಕಾಲು ಜಾರಿಸುವ ಪಿರೂಲ್ ಅಂದರೆ ಇದೇ ಒಣ ಸೂಜಿ, ಒಂದು ಹಿಡಿ ಎತ್ತಿ ನೋಡಿದರೆ ಒರೆ ಸಮೇತ ಕಾಣುತ್ತದೆ. ಕೈಲ್‌ನಲ್ಲಿ ಸೂಜಿ ಬೆಳೆಯುತ್ತಿದ್ದಂತೆಯೇ ಒರೆ ಉದುರಿಹೋಗುತ್ತದೆ. ಆ ವರ್ಷದ ಹೊಸ ಚಿಗುರು ಬಿಟ್ಟು ಅದರ ಕೆಳಗಿನ ಭಾಗ ನೋಡಿ. ಐದು ಸೂಜಿ ಬರಿಗಾಲಲ್ಲಿ ನಿಂತಿದ್ದರೆ ಕೈಲ್.

ಕಟ್ಟು ಇನ್ನೂ ಹುಟ್ಟಿಲ್ಲ ಅಂದರೆ ಜಾಗ ನೋಡಬೇಕು. ಚೀಡ್ ಸುಮಾರು 500 ಮೀಟರ್‌ನಿಂದ 2,000 ಮೀಟರ್ ಚಿಲ್ಲರೆ ಎತ್ತರದವರೆಗೆ. ಕೈಲ್ ಶುರುವಾಗುವುದು 1,800 ಮೀಟರ್ ಆಸುಪಾಸಿನಲ್ಲಿ, ಅಲ್ಲಿಂದ 3,000 ಮೀಟರ್ ದಾಟಿಯೂ ಹೋಗುತ್ತದೆ. ಕಸೌಲಿಗೆ ಏರುವ ದಾರಿಯ ಸಸಿ ಬಹುಪಾಲು ಚೀಡ್. ಮನಾಲಿಯಿಂದ ಮೇಲಿನದು ಕೈಲ್. ಸಮಸ್ಯೆ ಇರುವುದು 1,800ರಿಂದ 2,200ರ ನಡುವಿನ ಪಟ್ಟಿಯಲ್ಲಿ, ಶಿಮ್ಲಾ ಸುತ್ತಮುತ್ತಲಿನಂಥ ಕಡೆ. ಅಲ್ಲಿ ಎರಡೂ ಸಿಗಬಹುದು. ಬಿಸಿಲಿಗೆ ಮುಖ ಮಾಡಿದ ಒಣ ಇಳಿಜಾರಿನಲ್ಲಿ ಚೀಡ್ ಇನ್ನೂ ಮೇಲಕ್ಕೆ ಏರುತ್ತದೆ. ನೆರಳಿನ ತಂಪು ಬದಿಯಲ್ಲಿ ಕೈಲ್ ಇನ್ನೂ ಕೆಳಕ್ಕೆ ಇಳಿಯುತ್ತದೆ.

ಬೆಂಕಿಯ ಗುರುತು ನನಗೆ ಎಲ್ಲಕ್ಕಿಂತ ಇಷ್ಟ. ಚೀಡ್ ಕಾಡಿಗೆ ಬೇಸಿಗೆಯಲ್ಲಿ ಬೆಂಕಿ ಬೀಳುವುದು ಹೊಸದಲ್ಲ, ಪಿರೂಲೇ ಅದಕ್ಕೆ ಸೌದೆ. ಎಳೆ ಚೀಡ್‌ನ ಮೇಲಿನ ಭಾಗ ಸುಟ್ಟುಹೋಗುತ್ತದೆ, ಬೇರಿನ ಕೊರಳು ಮಾತ್ರ ಬದುಕಿರುತ್ತದೆ. ಮಳೆ ಬಂದಾಗ ಅಲ್ಲಿಂದ ಮತ್ತೆ ಚಿಗುರುತ್ತದೆ. ಮುಂದಿನ ವರ್ಷ ಸುಟ್ಟರೆ ಮತ್ತೆ ಚಿಗುರು. ಹೀಗೆ ಗೇಣುದ್ದ ಕಾಣುವ ಸಸಿಯ ಬೇರಿಗೆ ಹಲವು ವರ್ಷ ವಯಸ್ಸಾಗಿರಬಹುದು. ನೆಲಮಟ್ಟದಲ್ಲಿ ಮಣ್ಣು ಸ್ವಲ್ಪ ಸರಿಸಿ ನೋಡಿ: ಬುಡ ಬೆರಳಿಗಿಂತ ದಪ್ಪಗಿದ್ದು, ಕಪ್ಪಗೆ ಸುಟ್ಟ ಮೋಟು ಇದ್ದು, ಪಕ್ಕದಿಂದ ಎರಡು-ಮೂರು ಎಳೆ ಚಿಗುರು ಹೊರಟಿದ್ದರೆ ಬೇರೇನೂ ಎಣಿಸಬೇಕಾಗಿಲ್ಲ. ಕೈಲ್‌ಗೆ ಈ ವಿದ್ಯೆ ಗೊತ್ತಿಲ್ಲ. ತೊಗಟೆ ತೆಳು, ಎಳೆಯದು ಸುಟ್ಟರೆ ಸತ್ತಂತೆಯೇ. ಚೀಡ್ ಸಸಿಯ ವಯಸ್ಸನ್ನು ಎತ್ತರ ನೋಡಿಯೋ ಕೊಂಬೆಯ ವರಸೆ ಎಣಿಸಿಯೋ ಹೇಳಲಾಗದು ಅಂದಿದ್ದು ಇದಕ್ಕೇ.

ಆಳೆತ್ತರ ದಾಟಿದ ಮೇಲೆ ತೊಗಟೆಯೂ ಸಾಕ್ಷಿ ಹೇಳತೊಡಗುತ್ತದೆ. ಚೀಡ್‌ನ ಕಾಂಡ ಬೇಗನೇ ಒರಟಾಗಿ ಬಿರುಕು ಬಿಡುತ್ತದೆ. ಕೈಲ್ ಕಾಂಡ ಬಹಳ ಕಾಲ ಬೂದು ಬಣ್ಣದಲ್ಲಿ ನುಣುಪಾಗಿಯೇ ಇರುತ್ತದೆ.

ಎರಡೂ ಮೂರು ಸೂಜಿ: ಚೀಡ್ ಮತ್ತು ಚಿಲ್ಗೋಜಾ

ಹಿಮಾಚಲದ ಕಿನ್ನೌರ್ ಕಡೆ ಹೋದರೆ ಮೂರನೆಯವನು ಸಿಗುತ್ತಾನೆ. ರೆಕಾಂಗ್ ಪಿಯೋ, ಕಲ್ಪಾ, ಅಲ್ಲಿಂದ ಮುಂದೆ ಸಟ್ಲೆಜ್ ಕಣಿವೆಯ ಒಣ ಕಲ್ಲು ಬೆಟ್ಟಗಳು ಚಿಲ್ಗೋಜಾದ ಜಾಗ. ಹಿಮಾಚಲದಲ್ಲೇ ಚಂಬಾದ ಪಾಂಗಿ ಕಡೆಯೂ ಇದೆ. ಡ್ರೈಫ್ರೂಟ್ ಅಂಗಡಿಯಲ್ಲಿ ಗೋಡಂಬಿಗಿಂತ ದುಬಾರಿಯಾಗಿ ಮಾರುವ ಕಂದು ಬಣ್ಣದ ಉದ್ದನೆ ಬೀಜ ಇದರದ್ದೇ.

ಇದಕ್ಕೂ ಮೂರು ಸೂಜಿಯ ಕಟ್ಟು. ಪುಸ್ತಕದ ‘ಮೂರಿದ್ದರೆ ಚೀಡ್’ ಸೂತ್ರ ಇಲ್ಲಿ ಕೆಡುತ್ತದೆ. ಮತ್ತೆ ಒರೆಯೇ ದಾರಿ ತೋರಿಸಬೇಕು. ಚಿಲ್ಗೋಜಾ ಸಂಬಂಧದಲ್ಲಿ ಕೈಲ್‌ಗೆ ಹತ್ತಿರ, ಹಾಗಾಗಿ ಇದರ ಒರೆಯೂ ಉದುರಿಹೋಗುತ್ತದೆ. ಮೂರು ಸೂಜಿ ಇದ್ದು ಒರೆ ಉಳಿದಿದ್ದರೆ ಚೀಡ್, ಉದುರಿದ್ದರೆ ಚಿಲ್ಗೋಜಾ. ಉದ್ದದಲ್ಲೂ ಗೊಂದಲವಿಲ್ಲ. ಚಿಲ್ಗೋಜಾ ಸೂಜಿ 6-10 ಸೆಂ.ಮೀ. ಅಷ್ಟೇ, ಬಿರುಸು, ಎಲ್ಲ ಕಡೆ ಚಾಚಿ ನಿಂತಿರುತ್ತದೆ. ಚೀಡ್ ಸೂಜಿ ಅದರ ಮೂರು ಪಟ್ಟು, ಭಾರಕ್ಕೆ ಬಾಗುತ್ತದೆ.

ಮೊಳಕೆಯ ಹಂತದಲ್ಲಿ ಚಿಲ್ಗೋಜಾ ಹೇಳುವುದು ಉಳಿದವಕ್ಕಿಂತ ಸುಲಭ. ಅದರ ಬೀಜ ಸುಮಾರು ಎರಡು ಸೆಂ.ಮೀ. ಉದ್ದ. ಹಾರಲು ರೆಕ್ಕೆ ಇಲ್ಲ ಅಂದರೂ ನಡೆದೀತು. ತಲೆಯ ಮೇಲೆ ಅಷ್ಟುದ್ದದ ಸಿಪ್ಪೆ ಹೊತ್ತ ಮೊಳಕೆ ಬೇರೆ ಯಾವುದೂ ಆಗಲಾರದು. ಸಿಪ್ಪೆ ಉದುರಿದ್ದರೂ ಪಕ್ಕದಲ್ಲೇ ಬಿದ್ದಿರುತ್ತದೆ, ಹುಡುಕಿ.

ಆದರೆ ಅಂಥ ಮೊಳಕೆ ಕಣ್ಣಿಗೆ ಬೀಳುವುದೇ ಅಪರೂಪ. ಬೀಜಕ್ಕಾಗಿ ಕಾಯಿಗಳನ್ನು ಬಿರಿಯುವ ಮೊದಲೇ ಮರದಿಂದ ಕೊಯ್ಯುತ್ತಾರೆ. ಉಳಿದ ಬೀಜ ಹಕ್ಕಿ, ಇಲಿಗಳ ಪಾಲು. ಹುಟ್ಟಿದ್ದನ್ನು ಮೇಕೆ ಬಿಡುವುದಿಲ್ಲ. ಬೆಳವಣಿಗೆ ಬೇರೆ ತೀರಾ ನಿಧಾನ. ಅಳಿವಿನ ಅಪಾಯದಲ್ಲಿರುವ ಜೀವಿಗಳನ್ನು ಗುರುತಿಸುವ ಅಂತಾರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಇದು ಅಪಾಯದ ಅಂಚಿಗೆ ಹತ್ತಿರವಿರುವ ಮರ. ಕಿನ್ನೌರಿನಲ್ಲಿ ಮೊಣಕಾಲೆತ್ತರದ ಚಿಲ್ಗೋಜಾ ಕಂಡರೆ ಫೋಟೋ ತೆಗೆದುಕೊಳ್ಳಿ, ಸುತ್ತ ತುಳಿಯಬೇಡಿ. ದೊಡ್ಡದಾದ ಮೇಲೆ ಅದರ ತೊಗಟೆ ಹಾಳೆ ಹಾಳೆಯಾಗಿ ಎದ್ದು ಬೂದು, ಬೆಳ್ಳಿ, ಹಸಿರು ಮಚ್ಚೆಗಳಾಗುವುದನ್ನು ನೋಡಿದರೆ ಮತ್ತೆ ಮರೆಯುವುದಿಲ್ಲ.

ಶಿಲ್ಲಾಂಗ್ ಮತ್ತು ಊಟಿ

ಶಿಲ್ಲಾಂಗ್‌ನಲ್ಲಿ ಜಾಸ್ತಿ ಯೋಚಿಸಬೇಕಾಗಿಲ್ಲ. ಮೇಘಾಲಯದ ಬೆಟ್ಟಗಳ ಸ್ವಂತ ಪೈನ್ ಖಾಸಿ ಪೈನ್, ಪೈನಸ್ ಕೇಸಿಯಾ. ಮೂರು ಸೂಜಿ, ಒರೆ ಉಳಿಯುತ್ತದೆ, ಅಂದರೆ ಲೆಕ್ಕದಲ್ಲಿ ಚೀಡ್‌ನ ಹಾಗೇ. ಸೂಜಿ ಮಾತ್ರ ಬಹಳ ತೆಳು, ಉದ್ದವೂ ಕಡಿಮೆ, 15-20 ಸೆಂ.ಮೀ. ಕಾಯಿ ಚೀಡ್‌ನದಕ್ಕಿಂತ ಅರ್ಧದಷ್ಟು. ಉಳುಮೆ ಬಿಟ್ಟ ಜಾಗಕ್ಕೆ ಮೊದಲು ಬರುವ ಮರ ಇದು, ಒಂದೇ ಎತ್ತರದ ಸಸಿಗಳು ಗುಂಪು ಗುಂಪಾಗಿ ನಿಂತಿರುತ್ತವೆ. ಇನ್ನೂ ಪೂರ್ವಕ್ಕೆ, ಅರುಣಾಚಲದ ಲೋಹಿತ್ ಕಡೆ ಹೋದವರಿಗೆ ಎರಡು ಸೂಜಿಯ ಕಟ್ಟು ಸಿಕ್ಕರೆ ಗಾಬರಿ ಬೇಡ. ಅದು ಮರ್ಕುಸಿ ಪೈನ್.

ಊಟಿ ಸುತ್ತಮುತ್ತ ನೆಟ್ಟ ಪೈನ್‌ಗಳಲ್ಲಿ ಮುಖ್ಯವಾದದ್ದು ಪಟುಲಾ, ಮೆಕ್ಸಿಕೋ ಮೂಲದ್ದು. ಮೈಸೂರಿನಿಂದ ಗುಡಲೂರು ದಾರಿಯಾಗಿ ಮೇಲೆ ಹತ್ತಿದವರು ಪೈನ್ ತೋಪಿನಲ್ಲಿ ಇಳಿದು ಫೋಟೋ ತೆಗೆಸಿಕೊಳ್ಳದೆ ಮುಂದೆ ಹೋಗುವುದಿಲ್ಲ ಅಲ್ವಾ? ಪಟುಲಾದಲ್ಲೂ ಸಾಮಾನ್ಯವಾಗಿ ಮೂರು ಸೂಜಿ, ಕೆಲವು ಕಟ್ಟಿನಲ್ಲಿ ನಾಲ್ಕು. ಸೂಜಿಗಳು ಕೊಂಬೆಯಿಂದ ನೇರ ಕೆಳಕ್ಕೆ ಇಳಿಬಿದ್ದಿರುವುದೇ ಇದರ ಗುರುತು, ಆಳೆತ್ತರದ ಗಿಡದಲ್ಲೂ ಎದ್ದು ಕಾಣುತ್ತದೆ. ಎಳೆ ಕಾಂಡದ ಮೇಲ್ಭಾಗದ ತೊಗಟೆ ಕೆಂಪು ಛಾಯೆಯ ತೆಳು ಹಾಳೆಯಾಗಿ ಏಳುತ್ತದೆ. ಪಟುಲಾ ಸಸಿ ಹುಲ್ಲುಗಾವಲಿನಲ್ಲಿ ತಾನಾಗಿ ಹುಟ್ಟಿದ್ದು ಕಂಡರೆ ಖುಷಿಪಡುವ ವಿಷಯವೇನಲ್ಲ. ನೀಲಗಿರಿಯ ಶೋಲಾ ಹುಲ್ಲುಗಾವಲನ್ನು ಆಕ್ರಮಿಸಿರುವ ಹೊರಗಿನ ಮರಗಳಲ್ಲಿ ಇದೂ ಒಂದು.

ಮನೆಗೆ ತರುವುದಾದರೆ

‘ನಮ್ಮ ಮನೆ ಮುಂದೆ ಒಂದು ಪೈನ್ ಬೇಕು’ ಅನ್ನುವವರಿಗೆ ನನ್ನ ಸಲಹೆ: ಬಯಲು ಸೀಮೆಯಲ್ಲಿ ಅರೌಕೇರಿಯಾ ತನ್ನಿ, ನೆಮ್ಮದಿಯಾಗಿರಿ. ಕುಂಡದಲ್ಲೂ ಬೆಳೆಯುತ್ತದೆ, ಬೆಂಗಳೂರಿನ ಹವೆ ಅದಕ್ಕೆ ಒಗ್ಗುತ್ತದೆ. ನೆಲದಲ್ಲಿ ನೆಡುವುದಾದರೆ ಗೋಡೆ, ತಂತಿಗಳಿಂದ ದೂರ ಇರಲಿ, ಮುಂದೆ ಅದು ಮನೆಯನ್ನು ಮೀರಿ ಬೆಳೆಯುವ ಮರ.

ನಿಜವಾದ ಪೈನೇ ಬೇಕು ಅಂದರೆ ನಮ್ಮ ಬಿಸಿಲನ್ನು ಸ್ವಲ್ಪವಾದರೂ ತಡೆಯಬಲ್ಲದ್ದು ಚೀಡ್. ಕೈಲ್, ಚಿಲ್ಗೋಜಾ ಎರಡಕ್ಕೂ ಚಳಿಗಾಲದ ನಿಜವಾದ ಚಳಿ ಬೇಕು. ಅವನ್ನು ಬೆಂಗಳೂರಿಗೆ ತರುವುದು ಗಿಡಕ್ಕೂ ಕಷ್ಟ, ನಿಮಗೂ ಬೇಜಾರು. ಟ್ರೆಕಿಂಗ್ ಹೋದಾಗ ಸಸಿ ಕಿತ್ತು ಬ್ಯಾಗಿಗೆ ಹಾಕಿಕೊಂಡು ಬರುವ ಯೋಚನೆಯಂತೂ ಬೇಡ. ಕಾಡಿನಿಂದ ಗಿಡ ಕೀಳುವುದು ಕಾನೂನಿಗೆ ವಿರುದ್ಧ. ಮೇಲೆ ಗೇಣುದ್ದ ಇರುವ ಪೈನ್‌ಗೆ ಕೆಳಗೆ ಅದಕ್ಕಿಂತ ಉದ್ದನೆಯ ತಾಯಿಬೇರು ಇರುತ್ತದೆ, ಕಿತ್ತ ಕ್ಷಣಕ್ಕೇ ಅದು ತುಂಡಾಗುತ್ತದೆ.

ನರ್ಸರಿಯಲ್ಲಿ ಪೈನ್ ಅಂತ ಕೊಟ್ಟರೆ ದುಡ್ಡು ಕೊಡುವ ಮೊದಲು ಮೂರು ವಿಷಯ ನೋಡಿ. ಗಂಟು ಗಂಟಾಗಿ ಬಿಚ್ಚಿಕೊಂಡರೆ ಸರ್ವೆ. ಎಲೆ ಹುರುಪೆಯಂತೆ ಕೊಂಬೆಗೆ ಅಂಟಿದ್ದರೆ ತೂಜಾ ಅಥವಾ ಸೈಪ್ರೆಸ್. ಕಟ್ಟು ಕಂಡರೆ ಮಾತ್ರ ಪೈನ್. ಪೂರ್ತಿ ನೀಲಿ ಒಂಟಿ ಸೂಜಿಯ ಚಿಕ್ಕ ಸಸಿ ಆಗಿದ್ದರೆ ಒಂದೇ ಒಂದು ಕಟ್ಟಾದರೂ ಹುಟ್ಟಿರುವ ಇನ್ನೊಂದನ್ನು ಕೇಳಿ. ಬೆಲೆ ಸ್ವಲ್ಪ ಜಾಸ್ತಿಯಾದರೂ ಪರವಾಗಿಲ್ಲ, ಏನು ಕೊಳ್ಳುತ್ತಿದ್ದೀರಿ ಅಂತ ಗೊತ್ತಿರುತ್ತದೆ.

ಗಿಡ ತಂದ ಮೇಲೆ ಅದರ ಹಳೇ ಮಣ್ಣನ್ನು ಉದುರಿಸಿ ತೊಳೆಯಬೇಡಿ. ಪೈನ್ ಬೇರಿನ ಜೊತೆ ಬದುಕುವ ಶಿಲೀಂಧ್ರ ಇರುತ್ತದೆ. ಅದು ಮಣ್ಣಿನಿಂದ ನೀರು, ರಂಜಕ ಎಳೆದು ಕೊಡುತ್ತದೆ, ಬದಲಿಗೆ ಮರದಿಂದ ಸಕ್ಕರೆ ಪಡೆಯುತ್ತದೆ. ಪೈನ್ ಸ್ವಾಭಾವಿಕವಾಗಿ ಇಲ್ಲದ ನಮ್ಮಂಥ ಕಡೆಯ ಮಣ್ಣಿನಲ್ಲಿ ಅದಕ್ಕೆ ಬೇಕಾದ ಶಿಲೀಂಧ್ರ ಇರುವುದಿಲ್ಲ. ಅದಿಲ್ಲದ ಸಸಿ ಎಷ್ಟು ಗೊಬ್ಬರ ಹಾಕಿದರೂ ಹಳದಿಯಾಗಿ ಕೂತುಬಿಡುತ್ತದೆ. ಹೊಸ ದೇಶಗಳಿಗೆ ಪೈನ್ ಒಯ್ದವರು ಹಳೇ ಪೈನ್ ತೋಪಿನ ಮಣ್ಣನ್ನೂ ಜೊತೆಗೆ ಒಯ್ದದ್ದು ಇದೇ ಕಾರಣಕ್ಕೆ. ನೀರು ಬಸಿದು ಹೋಗುವ ಹಾಗಿರಲಿ. ಎಳೆ ಪೈನ್‌ನ ಬುಡದಲ್ಲಿ ನೀರು ನಿಂತರೆ ನೆಲಮಟ್ಟದಲ್ಲೇ ಕೊಳೆತು ಮಗುಚಿಕೊಳ್ಳುತ್ತದೆ.

ಬೀಜದಿಂದಲೇ ಶುರು ಮಾಡಿ ಈ ಹಂತಗಳನ್ನೆಲ್ಲ ಕಣ್ಣಾರೆ ನೋಡಬೇಕು ಅನ್ನುವವರಿಗೂ ಚೀಡ್ ಬೀಜವೇ ಸರಿ. ಒಂದು ರಾತ್ರಿ ನೆನೆಸಿ ಮರಳು ಬೆರೆತ ಮಣ್ಣಿನಲ್ಲಿ ಹಾಕಿದರೆ ಕೆಲವೇ ವಾರದಲ್ಲಿ ಸಿಪ್ಪೆ ಹೊತ್ತು ಮೇಲೇಳುತ್ತದೆ, ಆಗ ಹಕ್ಕಿಗೆ ಸಿಗದ ಹಾಗೆ ಮೇಲೊಂದು ಬಲೆ ಕಟ್ಟಿ. ಕೈಲ್ ಬೀಜವನ್ನು ಒದ್ದೆ ಮರಳಿನಲ್ಲಿ ಕೆಲವು ವಾರ ಫ್ರಿಜ್‌ನಲ್ಲಿಟ್ಟು ತೆಗೆದರೆ ಚೆನ್ನಾಗಿ ಮೊಳೆಯುತ್ತದೆ. ಅಂಗಡಿಯ ಚಿಲ್ಗೋಜಾ ತಂದು ಹಾಕುವ ಆಸೆ ಇದ್ದರೆ ಹುರಿದಿದ್ದಾ ಹಸಿಯಾ ಅಂತ ಮೊದಲು ಕೇಳಿ. ಹುರಿದದ್ದಾದರೆ ತಿಂದುಬಿಡಿ.